ಹೆಬ್ಬೆರಳೋ ಮಣಿಕಟ್ಟೋ: ಮಲೆನಾಡಿನ ದಿಬ್ಬಕ್ಕೆ ಯಾವ ಗೇರ್ ಶಿಫ್ಟರ್?

ಗೇರ್ ಸೈಕಲ್ ತಗೊಳ್ಳಬೇಕು, ಯಾವುದಾಗಬಹುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಕೈ ತೋರಿಸಲು ಹೇಳುತ್ತೇನೆ. ಇವನೇನು ಭವಿಷ್ಯ ಹೇಳುತ್ತಾನಾ ಎಂದು ನಗುತ್ತಾರೆ. ನಗಲಿ. ಶಿವಮೊಗ್ಗದಿಂದ ಮಂಡಗದ್ದೆಗೆ ಹೋಗಿಬರುವ ಸುಮಾರು ಅರವತ್ತು ಕಿಲೋಮೀಟರಿನಲ್ಲಿ ಕಾಲಿನಷ್ಟೇ ದುಡಿಯುವುದು ಬಲಗೈ. ತುಂಗೆಯ ಪಕ್ಕದ ಆ ರಸ್ತೆ ಕಾರಿನಲ್ಲಿ ಕೂತವರಿಗೆ ಸಪಾಟು, ತುಳಿಯುವವರಿಗೆ ಅಲ್ಲ. ಏರು, ತಿರುವು, ಇಳಿಜಾರು, ಮತ್ತೆ ಏರು. ಗಾಜನೂರು ದಾಟಿದ ಮೇಲಂತೂ ಗೇರ್ ಬದಲಿಸುತ್ತಲೇ ಇರಬೇಕು. ಮನೆಗೆ ಬಂದ ಮೇಲೆ ಕಾಲಿಗಿಂತ ಹೆಬ್ಬೆರಳಿನ ಬುಡ ಹೆಚ್ಚು ನೋಯುತ್ತಿದ್ದರೆ ಸೈಕಲ್ ಕೆಟ್ಟದ್ದು ಅಂತಲ್ಲ, ಕೈಗೂ ಗೇರ್ ಬದಲಿಸುವ ಶಿಫ್ಟರಿಗೂ ಜಾತಕ ಕೂಡಿಬಂದಿಲ್ಲ ಅಷ್ಟೆ.

ಈ ಸಲ ಮಳೆ ಬಿಡುತ್ತಿದ್ದ ಹಾಗೆ ಮೂವರು ಇದೇ ಪ್ರಶ್ನೆ ಹಿಡಿದು ಬಂದರು. ಒಬ್ಬರು ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪ. ವಯಸ್ಸು ಅರವತ್ತು ದಾಟಿದೆ, ಮಂಡಿಗೆ ಒಳ್ಳೆಯದು, ಸೈಕಲ್ ತುಳಿಯಿರಿ ಎಂದು ಡಾಕ್ಟರ್ ಹೇಳಿದ್ದಾರೆ. ನಲವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಕೈ ಅವರದ್ದು. ಚೊಗರಿನ ಕಪ್ಪು ಉಗುರಿನ ಸಂದಿಯಿಂದ ಹೋಗುವುದೇ ಇಲ್ಲ, ಹೆಬ್ಬೆರಳಿನ ಬುಡದ ಗಂಟು ಊದಿಕೊಂಡೇ ಇರುತ್ತದೆ. ಇನ್ನೊಬ್ಬರು ನಮ್ಮ ಪಕ್ಕದ ಮನೆಯ ಟೀಚರ್, ಭಾನುವಾರ ಬೆಳಿಗ್ಗೆ ಮಗಳ ಜೊತೆ ಕೂಡ್ಲಿ ಕಡೆ ಹೋಗಿಬರುವವರು, ಪುಟ್ಟ ಕೈ. ಮೂರನೆಯವನು ನಮ್ಮ ಆಫೀಸಿನ ಹುಡುಗ. ಅವನಿಗೆ ಆಗುಂಬೆ ಘಾಟಿ ಹತ್ತಬೇಕು, ಅದೂ ರೇಸಿನವರ ಬಾಗಿದ ಹ್ಯಾಂಡಲ್ ಹಿಡಿದೇ ಹತ್ತಬೇಕು. ಮೂವರ ಕೈಯಲ್ಲೂ ಒಂದೊಂದು ಪಟ್ಟಿ. ಏಳು ಗೇರಿನದ್ದು, ಇಪ್ಪತ್ತೊಂದರದ್ದು, ಇಪ್ಪತ್ತನಾಲ್ಕರದ್ದು. ಶಿಫ್ಟರ್ ಎಂಥದು ಎಂದು ಒಬ್ಬರೂ ಬರೆದುಕೊಂಡಿರಲಿಲ್ಲ.

ಗೇರ್ ಎಣಿಸುವುದನ್ನು ಮೊದಲು ಬಿಡಿ

ಇಪ್ಪತ್ತೊಂದು ಗೇರ್ ಎಂದರೆ ಚೈನು ಓಡುವ ಹಲ್ಲಿನ ಚಕ್ರಗಳು ಮುಂದೆ ಪೆಡಲಿನ ಬಳಿ ಮೂರು, ಹಿಂದಿನ ಗಾಲಿಯಲ್ಲಿ ಏಳು. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಜೋಡಿಯನ್ನೇ ಹಿಡಿಯಿರಿ: ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28. ಲೆಕ್ಕ ಹಾಕಿದರೆ ಮುಂದಿನ 42ಕ್ಕೆ ಹಿಂದಿನ 28, 34ಕ್ಕೆ 22, 24ಕ್ಕೆ 16 ಈ ಮೂರೂ ಹೆಚ್ಚುಕಡಿಮೆ ಒಂದೇ ಗೇರ್. ಹೀಗೆ ಒಂದರ ಮೇಲೊಂದು ಬೀಳುವವನ್ನು ಕಳೆದರೆ ನಿಜವಾಗಿ ಕೈಗೆ ಸಿಗುವುದು ಹನ್ನೆರಡೋ ಹದಿಮೂರೋ. ದಿಬ್ಬ ಹತ್ತಿಸುವುದು ಸಂಖ್ಯೆಯಲ್ಲ, ಮುಂದಿನ ಅತಿ ಸಣ್ಣ ಚಕ್ರ ಮತ್ತು ಹಿಂದಿನ ಅತಿ ದೊಡ್ಡ ಚಕ್ರ. ಮುಂದೆ 24, ಹಿಂದೆ 28 ಇದ್ದರೆ 26 ಇಂಚಿನ ಗಾಲಿಯ ಸೈಕಲ್ ಪೆಡಲಿನ ಒಂದು ಸುತ್ತಿಗೆ 1.8 ಮೀಟರಿನಷ್ಟು ಮುಂದೆ ಹೋಗುತ್ತದೆ. ಕೂತು ಹತ್ತಬಹುದು. ನನ್ನದೊಂದು ಒರಟು ಲೆಕ್ಕ: ಮುಂದಿನ ಸಣ್ಣ ಚಕ್ರದ ಹಲ್ಲು ಹಿಂದಿನ ದೊಡ್ಡದರ ಹಲ್ಲಿಗಿಂತ ಕಡಿಮೆಯೋ ಸಮವೋ ಇದ್ದರೆ ಮಲೆನಾಡಿಗೆ ಆಗುತ್ತದೆ. ಅಂಗಡಿಯಲ್ಲಿ ನಿಂತು ಹಲ್ಲು ಎಣಿಸಿ, ನಾಚಿಕೆ ಬೇಡ.

ಇನ್ನು ಶಿಫ್ಟರನ್ನು ಯಾವುದರಿಂದ ಅಳೆಯಬೇಕು ಎಂಬುದು. ನಾನು ನೋಡುವುದರಲ್ಲಿ ಮೊದಲನೆಯದು ಕೈಯ ಯಾವ ಕೀಲು ಕೆಲಸ ಮಾಡುತ್ತದೆ ಎಂದು. ಕೆಲವಕ್ಕೆ ಹೆಬ್ಬೆರಳು ಒತ್ತಬೇಕು, ಕೆಲವಕ್ಕೆ ಮಣಿಕಟ್ಟು ತಿರುಗಬೇಕು, ಕೆಲವಕ್ಕೆ ಬೆರಳು ಪಕ್ಕಕ್ಕೆ ತಳ್ಳಬೇಕು. ನಿಮಗೆ ನೋವಿರುವ ಕೀಲನ್ನು ಬಿಟ್ಟು ಉಳಿದದ್ದಕ್ಕೆ ಕೆಲಸ ಕೊಡುವ ಶಿಫ್ಟರೇ ನಿಮ್ಮದು. ಎರಡನೆಯದು ಒದ್ದೆ ಕೈ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಕೈ ಎಂಬುದೇ ಇಲ್ಲ, ಉಳಿದ ತಿಂಗಳು ಬೆವರು. ಮೂರನೆಯದು, ತಿರುವು ತಿರುಗಿದ ಕೂಡಲೇ ಎದುರಿಗೆ ದಿಬ್ಬ ಬಂದು ನಿಂತಾಗ ಒಂದೇ ಸಲಕ್ಕೆ ಎಷ್ಟು ಗೇರ್ ಇಳಿಸಬಹುದು ಎಂಬುದು. ಆಮೇಲೆ ಅದು ಕೆಟ್ಟರೆ ಹೊಸನಗರದಲ್ಲೋ ಸಾಗರದಲ್ಲೋ ಸರಿಮಾಡುವವರು ಸಿಗುತ್ತಾರಾ ಎಂಬುದು. ಬೆಲೆ ಇದೆಲ್ಲದರ ಹಿಂದೆ ಬರಲಿ, ಯಾಕೆಂದರೆ ಸುಮ್ಮನೆ ಅಡ್ಡಾಡಲು ಹೋಗುವವರಿಗೆ ಆರಾಮಾದ ಶಿಫ್ಟರ್ ಬಹಳ ಸಲ ಅಗ್ಗದ್ದೇ ಆಗಿರುತ್ತದೆ.

ತಿರುಚುವ ಹಿಡಿ

ಸ್ಕೂಟರಿನ ಆಕ್ಸಿಲರೇಟರ್ ತಿರುಗಿಸಿದ ಹಾಗೆ ಹಿಡಿಯ ಒಳಭಾಗವನ್ನು ತಿರುಗಿಸುವುದು. ಅಮೆರಿಕದ ಸ್ರಾಮ್ ಕಂಪನಿ ಶುರುವಾದದ್ದೇ ಇದರಿಂದ, 1988ರ ಗ್ರಿಪ್ ಶಿಫ್ಟ್ ಅವರ ಮೊದಲ ಸರಕು. ಜಪಾನಿನ ಶಿಮಾನೊ ಇದೇ ಬಗೆಯದ್ದನ್ನು ರೆವೊಶಿಫ್ಟ್ ಎಂದು ಮಾಡುತ್ತದೆ. ನಮ್ಮ ಊರಿನ ಅಂಗಡಿಗಳಲ್ಲಿ ಅಗ್ಗದ ಗೇರ್ ಸೈಕಲ್ಲುಗಳ ಮೇಲೆ ಹೆಚ್ಚಾಗಿ ಕಾಣುವುದು ಇದು. ಬಿಡಿಯಾಗಿ ಕೊಂಡರೂ ಕೆಲವು ನೂರು ರೂಪಾಯಿ.

ಇದರ ಗುಣ ಎರಡು. ಇಡೀ ಅಂಗೈ ಕೆಲಸ ಮಾಡುವುದರಿಂದ ಹೆಬ್ಬೆರಳೊಂದರ ಮೇಲೆ ಭಾರ ಬೀಳುವುದಿಲ್ಲ. ಮತ್ತೆ, ಒಂದೇ ತಿರುವಿಗೆ ನಾಲ್ಕೈದು ಗೇರ್ ಇಳಿಸಿಬಿಡಬಹುದು. ಸಕ್ರೆಬೈಲಿನ ಹತ್ತಿರ ಆನೆ ನೋಡಲು ನಿಂತವರ ಕಾರುಗಳ ನಡುವೆ ನುಸುಳುತ್ತಾ ದಿಢೀರನೆ ನಿಂತು ಮತ್ತೆ ಹೊರಡಬೇಕಾದಾಗ ಇದು ಎಷ್ಟು ಉಪಕಾರ ಎಂದು ಗೊತ್ತಾಗುತ್ತದೆ. ಅಂಕಿ ಎದುರಿಗೇ ಕಾಣುತ್ತದೆ, ಹೊಸಬರಿಗೆ ಗೊಂದಲವಿಲ್ಲ.

ದೋಷ ಮಳೆಯಲ್ಲಿ ಹೊರಬೀಳುತ್ತದೆ. ಒದ್ದೆ ಕೈಗೆ ರಬ್ಬರ್ ಜಾರುತ್ತದೆ, ಇನ್ನೂ ಬಿಗಿಯಾಗಿ ಹಿಡಿದು ತಿರುಚುತ್ತೀರಿ, ಆಗ ಎರಡು ಗೇರ್ ಒಟ್ಟಿಗೆ ಹಾರಿಬಿಡುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಹ್ಯಾಂಡಲನ್ನು ಗಟ್ಟಿ ಹಿಡಿದಾಗ ನಮಗೇ ಗೊತ್ತಿಲ್ಲದೆ ಗೇರ್ ಬದಲಾಗುವುದೂ ಉಂಟು. ಪುಟ್ಟ ಕೈಯವರಿಗೆ ಹಿಡಿ ದಪ್ಪವಾಯಿತು ಅನ್ನಿಸುತ್ತದೆ. ಮಣಿಕಟ್ಟು ನೋವಿರುವವರು ಇದರ ತಂಟೆಗೆ ಹೋಗಬೇಡಿ. ಕೊಳ್ಳುವುದೇ ಆದರೆ ರಬ್ಬರಿನ ಮೇಲೆ ಎತ್ತರದ ಗೆರೆಗಳಿರುವುದನ್ನು ನೋಡಿ, ನುಣುಪಾಗಿ ಹೊಳೆಯುವುದು ಬೇಡ. ಇನ್ನೊಂದು ಸಂಗತಿ: ಇದನ್ನು ಹೊಸದಾಗಿ ಹಾಕಿಸುವುದಾದರೆ ಪಕ್ಕದ ಮಾಮೂಲಿ ಹಿಡಿ ಹಿಡಿಸುವುದಿಲ್ಲ, 9 ಸೆಂಟಿಮೀಟರಿನ ಸುಮಾರಿಗೆ ಇರುವ ಗಿಡ್ಡ ಹಿಡಿಯೇ ಬೇಕು. ಅಂಗಡಿಯವರು ಉದ್ದದ್ದನ್ನೇ ಕತ್ತರಿಸಿ ಹಾಕಿಕೊಡುತ್ತಾರೆ, ಅದೂ ನಡೆಯುತ್ತದೆ.

ಹ್ಯಾಂಡಲ್ ಮೇಲಿನ ಹಳೆ ಲಿವರ್

ಹಿರಿಯರು ನೋಡಿರುವ ಬಗೆ. ಹ್ಯಾಂಡಲ್ ಮೇಲೆ ಕಿವಿಯ ಹಾಗೆ ನಿಂತಿರುವ ಒಂದು ಲಿವರ್, ಹೆಬ್ಬೆರಳಲ್ಲಿ ಆಚೆ ತಳ್ಳಿ ಈಚೆ ಎಳೆಯುವುದು. ಮೂಲದಲ್ಲಿ ಇದಕ್ಕೆ ಕಟಕ್ ಎಂಬ ನಿಲುಗಡೆಯೇ ಇರಲಿಲ್ಲ, ಎಳೆದಲ್ಲಿ ನಿಲ್ಲುತ್ತಿತ್ತು. ಒಂದೊಂದು ಗೇರಿಗೂ ಒಂದೊಂದು ಕಟಕ್ ಎಂಬ ಏರ್ಪಾಡು ಶಿಮಾನೊದ ರೇಸಿನ ದರ್ಜೆಯಾದ ಡ್ಯೂರಾ ಏಸ್‌ನಲ್ಲಿ ಬಂದದ್ದು 1984ರಲ್ಲಿ, ಆಮೇಲೆ ಎಲ್ಲ ಬಗೆಗೂ ಹರಡಿತು. ಕಟಕ್ ಇಲ್ಲದ ಲಿವರ್‌ನಲ್ಲಿ ಗೇರ್ ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಕಿವಿಯಿಂದ ತಿಳಿಯಬೇಕು. ಚೈನು ಕರಕರ ಅಂದರೆ ಚೂರು ಹಿಂದೆ, ಚೂರು ಮುಂದೆ. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ.

ನನಗೆ ಇದರ ಮೇಲೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಕಟಕ್ ಇಲ್ಲದ್ದರಲ್ಲಿ ಒಳಗೆ ಕೆಡುವಂಥದ್ದು ಏನೂ ಇಲ್ಲ. ಹಿಂದೆ ಆರು ಚಕ್ರವಿರಲಿ ಎಂಟಿರಲಿ, ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಡಿರೇಲರ್ ಯಾವ ಕಂಪನಿಯದ್ದೇ ಇರಲಿ, ಹೊಂದಿಕೊಳ್ಳುತ್ತದೆ. ಬಿದ್ದು ಡಿರೇಲರ್ ಸ್ವಲ್ಪ ಸೊಟ್ಟಗಾದರೂ ಮನೆ ಮುಟ್ಟಿಸುತ್ತದೆ. ಒದ್ದೆ ಕೈಯಲ್ಲೂ ಜಾರದು, ಯಾಕೆಂದರೆ ಬೆರಳಿಗಿಂತ ಅಂಗೈಯ ಅಂಚಿನಿಂದಲೂ ತಳ್ಳಬಹುದು. ತೈವಾನಿನ ಮೈಕ್ರೊಶಿಫ್ಟ್ ಕಂಪನಿ ಈ ಬಗೆಯನ್ನು ಕಟಕ್ ಸಮೇತ ಈಗಲೂ ಮಾಡುತ್ತದೆ. ತೊಂದರೆ ಎಂದರೆ ಹಿಡಿಯಿಂದ ಕೈ ತುಸು ಎತ್ತಬೇಕು. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಬೆರಳಿಟ್ಟುಕೊಂಡೇ ಗೇರ್ ಬದಲಿಸುವ ಚಟವಿರುವವರಿಗೆ ಇದು ಒಗ್ಗುವುದಿಲ್ಲ. ಒಳ್ಳೆಯದು ಬೇಕೆಂದರೆ ಶಿವಮೊಗ್ಗದಲ್ಲೂ ಹುಡುಕಬೇಕಾಗುತ್ತದೆ, ಬಹುಮಟ್ಟಿಗೆ ತರಿಸಿಕೊಳ್ಳುವುದೇ.

ಬ್ರೇಕಿಗೆ ಅಂಟಿಕೊಂಡದ್ದು

ಶಿಮಾನೊ ಇದಕ್ಕೆ ಈಜಿ ಫೈರ್ ಎನ್ನುತ್ತದೆ. ಬ್ರೇಕ್ ಲಿವರೂ ಶಿಫ್ಟರೂ ಒಂದೇ ತುಂಡು, ಮೇಲೆ ಅಂಕಿ ಕಾಣುವ ಪುಟ್ಟ ಕಿಟಕಿ. ಕೆಳಗಿನ ಲಿವರನ್ನು ಹೆಬ್ಬೆರಳಿನಿಂದ ತಳ್ಳಿದರೆ ಹಿಂದೆ ದೊಡ್ಡ ಚಕ್ರಕ್ಕೆ ಹೋಗಿ ಗೇರ್ ಹಗುರ. ಮೇಲಿನ ಗುಂಡಿಯನ್ನು ತೋರುಬೆರಳಿನಿಂದ ಒತ್ತಿದರೆ ಒಂದೊಂದೇ ಭಾರ. ಕೆಲಸ ಎರಡು ಬೆರಳಿಗೆ ಹಂಚಿಹೋಗುತ್ತದೆ, ಕೈ ಹಿಡಿ ಬಿಡಬೇಕಿಲ್ಲ, ಮಳೆಯಲ್ಲೂ ಜಾರುವುದಿಲ್ಲ. ಬೆಲೆಯೂ ಕೈಗೆಟುಕುವಂಥದ್ದು. ಭಾನುವಾರದ ಸವಾರರಿಗೆ ಇಷ್ಟೇ ಸಾಕು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ.

ಆದರೆ ಅಂಟಿಕೊಂಡದ್ದರ ಕಷ್ಟ ಅಂಟಿಕೊಂಡದ್ದರಿಂದಲೇ. ಬ್ರೇಕ್ ಲಿವರ್ ಬೆರಳಿಗೆ ಸಿಗುವ ಹಾಗೆ ಒಳಗೆ ಸರಿಸಿದರೆ ಶಿಫ್ಟರ್ ಹೆಬ್ಬೆರಳಿನಿಂದ ದೂರ, ಶಿಫ್ಟರ್ ಹತ್ತಿರ ತಂದರೆ ಬ್ರೇಕ್ ಇಕ್ಕಟ್ಟು. ಶಿಫ್ಟರ್ ಹೋದರೆ ಬ್ರೇಕ್ ಲಿವರೂ ಬದಲಾಗಬೇಕು. ಮುಂದೆಂದಾದರೂ ಆಯಿಲ್ ಬ್ರೇಕ್ ಹಾಕಿಸುವ ಆಸೆ ಇದ್ದರಂತೂ ಎರಡೂ ದಂಡ.

ಟ್ರಿಗರ್

ಬ್ರೇಕಿನಿಂದ ಬೇರೆಯಾಗಿ, ಹ್ಯಾಂಡಲಿನ ಕೆಳಗೆ ಅಡಗಿಕೊಂಡಿರುವ ಎರಡು ಲಿವರಿನ ಶಿಫ್ಟರ್. ಶಿಮಾನೊದ್ದಕ್ಕೆ ರ‍್ಯಾಪಿಡ್‌ಫೈರ್ ಎಂದು ಹೆಸರು. ದೊಡ್ಡ ಲಿವರ್ ಹೆಬ್ಬೆರಳಿಗೆ, ಚಿಕ್ಕದು ತೋರುಬೆರಳಿಗೆ. ಹೆಬ್ಬೆರಳನ್ನು ಉದ್ದಕ್ಕೆ ತಳ್ಳಿದರೆ ಎರಡು ಮೂರು ಗೇರ್ ಒಟ್ಟಿಗೆ ಹಗುರವಾಗುತ್ತದೆ. ಶಿಮಾನೊದ ಡಿಯೋರ್ ದರ್ಜೆ ಮತ್ತು ಅದಕ್ಕಿಂತ ಮೇಲಿನವುಗಳಲ್ಲಿ ಚಿಕ್ಕ ಲಿವರನ್ನು ಹೆಬ್ಬೆರಳಿನಿಂದಲೂ ಒತ್ತಬಹುದು, ತೋರುಬೆರಳಿನಿಂದಲೂ ಎಳೆಯಬಹುದು. ಸ್ರಾಮ್‌ನವರ ಟ್ರಿಗರ್‌ನಲ್ಲಿ ಎರಡೂ ಹೆಬ್ಬೆರಳಿನ ಕೆಲಸವೇ. ಹೆಬ್ಬೆರಳು ಗಟ್ಟಿ ಇರುವವರಿಗೆ ಅದು ಸುಖ, ಇಲ್ಲದವರಿಗೆ ಶಿಕ್ಷೆ. ಶಿಮಾನೊದ ಕೆಳದರ್ಜೆಯ ಆಲ್ಟಸ್ ಮಟ್ಟದ್ದಾದರೆ ಜೋಡಿಗೆ ಸಾವಿರ ರೂಪಾಯಿ ದಾಟುತ್ತದೆ, ಮೇಲೆ ಹೋದ ಹಾಗೆ ಏರುತ್ತದೆ.

ಇದರ ದೊಡ್ಡ ಲಾಭ ಹೊಂದಿಸಿಕೊಳ್ಳುವುದು. ಬ್ರೇಕ್ ಒಂದು ಕಡೆ, ಶಿಫ್ಟರ್ ಒಂದು ಕಡೆ, ನಿಮ್ಮ ಹೆಬ್ಬೆರಳು ಎಲ್ಲಿ ಸಹಜವಾಗಿ ಬೀಳುತ್ತದೋ ಅಲ್ಲಿಗೆ ಲಿವರ್ ತರಬಹುದು. ಬೋಲ್ಟ್ ಒಂದು ಸುತ್ತು ಸಡಿಲಿಸಿ, ಕಣ್ಣು ಮುಚ್ಚಿ ಹಿಡಿಯ ಮೇಲೆ ಕೈ ಇಡಿ, ಹೆಬ್ಬೆರಳು ತಾನಾಗಿ ಮುಟ್ಟಿದಲ್ಲಿ ಲಿವರ್ ನಿಲ್ಲಿಸಿ ಬಿಗಿ ಮಾಡಿ. ಅಂಗಡಿಯಿಂದ ಬಂದ ಹಾಗೇ ವರ್ಷಗಟ್ಟಲೆ ತುಳಿದು ಕೈ ನೋವು ಎನ್ನುವವರಲ್ಲಿ ಎಷ್ಟೋ ಜನಕ್ಕೆ ಈ ಐದು ನಿಮಿಷದ ಕೆಲಸವೇ ಮದ್ದು.

ಮಲೆನಾಡಿನಲ್ಲಿ ಟ್ರಿಗರಿಗೆ ಒಂದು ಕಾಯಿಲೆ ಬರುತ್ತದೆ, ಅದನ್ನು ಹೇಳಲೇಬೇಕು. ಒಂದು ವರ್ಷ ನನ್ನ ಸೈಕಲ್ ಜೂನ್‌ನಿಂದ ದೀಪಾವಳಿವರೆಗೆ ಜಗಲಿಯಲ್ಲೇ ನಿಂತಿತ್ತು. ಹೊರಗೆ ತೆಗೆದು ನೋಡಿದರೆ ಹೆಬ್ಬೆರಳಿನ ಲಿವರ್ ಸುಮ್ಮನೆ ಆಡುತ್ತದೆ, ಕಟಕ್ ಇಲ್ಲ, ಕೇಬಲ್ ಎಳೆಯುವುದೇ ಇಲ್ಲ. ಒಂದು ಅಂಗಡಿಗೆ ಒಯ್ದೆ. ಎರಡು ಸಲ ಅಲ್ಲಾಡಿಸಿ, "ಹೋಯ್ತು ಸಾರ್, ಹೊಸದು ಹಾಕ್ಬೇಕು" ಅಂದರು. ಮನೆಗೆ ಬಂದು ಕೆಳಗಿನ ಮುಚ್ಚಳದ ಪುಟ್ಟ ಸ್ಕ್ರೂ ಬಿಚ್ಚಿದೆ. ಒಳಗೆ ಕಂಪನಿಯವರು ಹಾಕಿದ್ದ ಗ್ರೀಸು ತಳ ಹಿಡಿದ ಜೋನಿ ಬೆಲ್ಲದ ಹಾಗೆ ಗಟ್ಟಿ ಕೂತಿತ್ತು. ಹಲ್ಲಿಗೆ ಬಿದ್ದು ಹಿಡಿಯಬೇಕಾದ ಅಕ್ಕಿ ಕಾಳಿನಷ್ಟು ಕೊಕ್ಕೆ ಆ ಅಂಟಿನಲ್ಲಿ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿದೆ, ಅದನ್ನು ಎಳೆಯುವ ಸ್ಪ್ರಿಂಗು ಕೂದಲಿನಷ್ಟು ಸಣ್ಣದು, ಪಾಪ ಅದೆಷ್ಟು ಎಳೆದೀತು. ತುಕ್ಕು ಬಿಡಿಸುವ ಸ್ಪ್ರೇಯ ನಳಿಕೆ ತೂರಿಸಿ ಚೆನ್ನಾಗಿ ಹೊಡೆದು, ಲಿವರನ್ನು ಐವತ್ತು ಸಲ ಆಡಿಸಿದೆ. ಕಂದು ನೀರು ಇಳಿಯಿತು. ಆಮೇಲೆ ಒಂದು ಕಟಕ್, ಸ್ವಲ್ಪ ಹೊತ್ತಿಗೆ ಇನ್ನೊಂದು. ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ಆ ಶಿಫ್ಟರ್ ಈಗಲೂ ನನ್ನ ಸೈಕಲ್ ಮೇಲಿದೆ. ಆದ್ದರಿಂದ ಮಳೆಗಾಲದಲ್ಲಿ ತುಳಿಯದಿದ್ದರೂ ವಾರಕ್ಕೊಮ್ಮೆ ಹಿಂದಿನ ಗಾಲಿ ಎತ್ತಿ, ಪೆಡಲ್ ತಿರುಗಿಸುತ್ತಾ ಎಲ್ಲ ಗೇರನ್ನೂ ಒಂದು ಸುತ್ತು ಹಾಕಿಬಿಡಿ.

ಬಾಗಿದ ಹ್ಯಾಂಡಲಿನವು

ಆಫೀಸಿನ ಹುಡುಗನ ಆಸೆ ಇದು. ರೇಸಿನ ಹ್ಯಾಂಡಲಿನಲ್ಲಿ ಬ್ರೇಕ್ ಲಿವರನ್ನೇ ಒಳಕ್ಕೆ ಪಕ್ಕಕ್ಕೆ ತಳ್ಳಿದರೆ ಗೇರ್ ಹಗುರ, ಅದರ ಹಿಂದಿನ ಚಿಕ್ಕ ಲಿವರ್ ತಳ್ಳಿದರೆ ಭಾರ. 1990ರಲ್ಲಿ ಶಿಮಾನೊ ಎಸ್‌ಟಿಐ ಎಂಬ ಹೆಸರಿನಲ್ಲಿ ತಂದದ್ದು. ಹೆಬ್ಬೆರಳಿಗೆ ಕೆಲಸವೇ ಇಲ್ಲ, ಕೈ ಇಡಲು ಮೂರು ನಾಲ್ಕು ಜಾಗ ಇರುವುದರಿಂದ ದೂರದ ಸವಾರಿಗೆ ಹಾಯಿ. ಆದರೆ ಬೆಲೆ ಹಲವು ಸಾವಿರ. ತೀರ ಅಗ್ಗದ ಟೂರ್ನಿ ಮಟ್ಟದ್ದರಲ್ಲಿ ಚಿಕ್ಕ ಲಿವರಿನ ಬದಲು ಒಳಬದಿಯಲ್ಲಿ ಒಂದು ಹೆಬ್ಬೆರಳಿನ ಗುಂಡಿ ಇರುತ್ತದೆ, ಹ್ಯಾಂಡಲಿನ ಕೆಳಭಾಗ ಹಿಡಿದಾಗ ಅದಕ್ಕೆ ಬೆರಳು ಎಟುಕುವುದಿಲ್ಲ. ಈಗಿರುವ ನೇರ ಹ್ಯಾಂಡಲ್ ಸೈಕಲ್ಲಿಗೆ ಬಾಗಿದ್ದು ಹಾಕಿಸಿದರಾಯಿತು ಎಂದುಕೊಳ್ಳಬೇಡಿ. ರೇಸ್ ಲಿವರ್ ಎಳೆಯುವ ಕೇಬಲ್ ಉದ್ದ ಕಡಿಮೆ, ನೇರ ಹ್ಯಾಂಡಲ್ ಸೈಕಲ್ಲಿನ ಮಾಮೂಲಿ ವಿ-ಬ್ರೇಕ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಘಾಟಿ ಇಳಿಯುವಾಗ ಆ ಪಾಠ ಕಲಿಯುವುದು ಬೇಡ.

ಬ್ಯಾಟರಿಯ ಶಿಫ್ಟರುಗಳೂ ಇವೆ. ಶಿಮಾನೊದ ಡಿಐ2 ಬಂದದ್ದು 2009ರಲ್ಲಿ, ಸ್ರಾಮ್‌ನದ್ದು ತಂತಿಯೂ ಇಲ್ಲದ್ದು. ಗುಂಡಿ ಮುಟ್ಟಿದರೆ ಸಾಕು, ನೋವಿರುವ ಕೈಗೆ ಇದಕ್ಕಿಂತ ಹಗುರವಾದದ್ದಿಲ್ಲ. ಹತ್ತಾರು ಸಾವಿರ ಕೊಡುವವರು ನನ್ನನ್ನು ಕೇಳುವುದೂ ಇಲ್ಲ, ಹಾಗಾಗಿ ಇಷ್ಟಕ್ಕೇ ಬಿಡುತ್ತೇನೆ.

ಶಿಫ್ಟರ್ ಬೈಯುವ ಮೊದಲು ಕೇಬಲ್ ನೋಡಿ

"ಲಿವರ್ ಗಟ್ಟಿ, ಬೆರಳು ನೋಯುತ್ತೆ" ಎಂದು ಬರುವ ಸೈಕಲ್ಲುಗಳಲ್ಲಿ ಅರ್ಧದಷ್ಟರಲ್ಲಿ ತಪ್ಪು ಶಿಫ್ಟರಿನದ್ದಲ್ಲ. ಗೇರಿನ ಒಳತಂತಿ 1.2 ಮಿಲಿಮೀಟರ್ ದಪ್ಪ, ಅದರ ಹೊರಗಿನ ಕವಚ, ಅಂದರೆ ಔಟರ್, 4 ಮಿಲಿಮೀಟರ್. ಆ ಸಂದಿಗೆ ನಮ್ಮ ಕೆಂಪು ಮಣ್ಣು, ಮಳೆನೀರು, ಒಂದಿಷ್ಟು ತುಕ್ಕು ಸೇರಿದರೆ ಎಷ್ಟೇ ದುಬಾರಿ ಶಿಫ್ಟರ್ ಇದ್ದರೂ ಬಾವಿಯಿಂದ ಕೊಡಪಾನ ಎಳೆದ ಹಾಗೆ ಆಗುತ್ತದೆ. ಹೆಚ್ಚು ಕೆಡುವುದು ಹಿಂದಿನ ಡಿರೇಲರಿಗೆ ಹೋಗುವ ಕೊನೆಯ ಬಾಗು. ನೀರು ಬಂದು ನಿಲ್ಲುವುದು ಅಲ್ಲೇ.

ಪರೀಕ್ಷೆಗೆ ಸ್ಪಾನರ್ ಬೇಡ. ಹಿಂದಿನ ಗಾಲಿ ಎತ್ತಿ, ಪೆಡಲ್ ತಿರುಗಿಸುತ್ತಾ ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಗೇರ್ ಹಾಕಿ. ಪೆಡಲ್ ನಿಲ್ಲಿಸಿ. ಈಗ ತುಳಿಯದೆಯೇ ಶಿಫ್ಟರನ್ನು ಕಟಕಟ ಎಂದು ಕೊನೆಯ ಅಂಕಿವರೆಗೆ ಬಿಟ್ಟುಬಿಡಿ. ಚೈನು ಅಲ್ಲೇ ಇರುತ್ತದೆ, ಕೇಬಲ್ ಮಾತ್ರ ಸಡಿಲ. ಫ್ರೇಮಿನ ಮೇಲೆ ತಂತಿ ಹೊರಗೆ ಕಾಣುವ ಸೈಕಲ್ ಆದರೆ ಔಟರಿನ ತುದಿಗಳನ್ನು ಕೊಕ್ಕೆಯಿಂದ ಕೈಯಲ್ಲೇ ಬಿಡಿಸಬಹುದು. ಔಟರನ್ನು ತಂತಿಯ ಮೇಲೆ ಆಚೀಚೆ ಜಾರಿಸಿ ನೋಡಿ. ರೇಷ್ಮೆಯ ಹಾಗೆ ಜಾರಬೇಕು. ತಡೆದರೆ, ಅಥವಾ ತಂತಿ ಮೇಲೆ ಕಂದು ಪುಡಿ ಕಂಡರೆ, ಕೇಬಲ್ ಬದಲಿಸಿ. ಕೂಲಿ ಸೇರಿ ಕೆಲವು ನೂರರಲ್ಲಿ ಮುಗಿಯುತ್ತದೆ. ತುಕ್ಕು ಹಿಡಿಯದ ಸ್ಟೀಲ್ ತಂತಿಯನ್ನೇ ಕೇಳಿ ಹಾಕಿಸಿ.

ಇಲ್ಲೊಂದು ಎಚ್ಚರ. ಬ್ರೇಕಿನ ಔಟರ್ ಬೇರೆ, ಗೇರಿನದ್ದು ಬೇರೆ. ಬ್ರೇಕಿನದ್ದು 5 ಮಿಲಿಮೀಟರ್, ಒಳಗೆ ಪಟ್ಟಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ. ಗೇರಿನದ್ದರಲ್ಲಿ ತಂತಿಗಳು ಉದ್ದುದ್ದ ಓಡುತ್ತವೆ. ಅವಸರದಲ್ಲಿ ಕೆಲವರು ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಗೇರಿಗೆ ಬ್ರೇಕಿನ ಔಟರ್ ಹಾಕಿದರೆ ಒತ್ತಿದಾಗ ಅದು ಕುಗ್ಗಿ, ಗೇರ್ ಯಾವತ್ತೂ ಸರಿ ಕೂರುವುದಿಲ್ಲ. ಅಷ್ಟಾದರೆ ಬರೀ ಕಿರಿಕಿರಿ. ಬ್ರೇಕಿಗೆ ಗೇರಿನ ಔಟರ್ ಹಾಕಿದರೆ ಜೋರಾಗಿ ಹಿಡಿದಾಗ ಸಿಡಿದು ಬ್ರೇಕೇ ಇಲ್ಲವಾಗಬಹುದು. ಕತ್ತರಿಸಿದ ತುದಿಯನ್ನು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ, ನೋಡಿಯೇ ಹಾಕಿಸಿ.

ಹೊಸ ಕೇಬಲ್ ಹಾಕಿದ ವಾರದಲ್ಲಿ ಗೇರ್ ಮತ್ತೆ ಕರಕರ ಅನ್ನುತ್ತದೆ. ಹೆದರಬೇಡಿ, ಕೇಬಲ್ಲೂ ಔಟರೂ ಕೂತುಕೊಳ್ಳುತ್ತವೆ. ಕೇಬಲ್ ಹೊರಬರುವಲ್ಲಿರುವ ಗುಬುಟನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಅರ್ಧ ಸುತ್ತು ತಿರುಗಿಸಿದರೆ ಬಿಗಿಯಾಗುತ್ತದೆ.

ಶಿಫ್ಟರನ್ನೇ ಬದಲಿಸುವುದಾದರೆ ಹಿಂದಿನ ಚಕ್ರಗಳನ್ನು ಎಣಿಸಿಕೊಂಡು ಹೋಗಿ. ಏಳಕ್ಕೆ ಏಳರದ್ದು, ಎಂಟಕ್ಕೆ ಎಂಟರದ್ದು. ಶಿಮಾನೊ ಡಿರೇಲರಿಗೆ ಶಿಮಾನೊ ಲೆಕ್ಕದ ಶಿಫ್ಟರ್. ಸ್ರಾಮ್‌ನ ಟ್ರಿಗರುಗಳು ಬಹುಮಟ್ಟಿಗೆ ಒಂದು ಕಟಕ್‌ಗೆ ಎಳೆಯುವ ಕೇಬಲ್ ಉದ್ದವೇ ಬೇರೆ. ಸೈಕಲ್ಲನ್ನೇ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಕ್ಷೇಮ. ಅಲ್ಲಿ ಬಾಟಲಿಯ ನೀರನ್ನು ಕೈಗೆ ಸುರಿದುಕೊಂಡು ಹತ್ತು ಸಲ ಗೇರ್ ಬದಲಿಸಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮೂವರಿಗೂ ಏನಾಯಿತು

ಟೀಚರಿಗೆ ನಾನು ಏನನ್ನೂ ಕೊಳ್ಳಲು ಹೇಳಲಿಲ್ಲ. ಅವರ ಹತ್ತಿರ ಆಗಲೇ ಇದ್ದ ಸೈಕಲ್ ಮೇಲಿದ್ದದ್ದು ಬ್ರೇಕಿಗೆ ಅಂಟಿಕೊಂಡ ಬಗೆ. ಹೊಸದಕ್ಕೆಂದು ದುಡ್ಡು ತೆಗೆದಿಟ್ಟಿದ್ದರು. ಕೇಬಲ್ ಬದಲಾಯಿಸಿ, ಬ್ರೇಕ್ ಲಿವರನ್ನು ಹಿಡಿಯ ಹತ್ತಿರಕ್ಕೆ ತರುವ ಪುಟ್ಟ ಸ್ಕ್ರೂ ತಿರುಗಿಸಿ, ಇಡೀ ತುಂಡನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದೆವು. "ಇದು ನನ್ನ ಸೈಕಲ್ಲೇನಾ?" ಅಂದರು. ಮುಂದೆ ಅದು ಸವೆದಾಗ ಟ್ರಿಗರಿಗೆ ಹೋಗಲಿ, ಪುಟ್ಟ ಕೈಗೆ ಹೊಂದಿಸಿಕೊಳ್ಳಲು ಅದೇ ಅನುಕೂಲ.

ಹುಡುಗ ನನ್ನ ಮಾತು ಕೇಳಲಿಲ್ಲ. ನೇರ ಹ್ಯಾಂಡಲ್, ಟ್ರಿಗರ್, ಮುಂದೆ ಸಣ್ಣ ಚಕ್ರ ಇರುವುದನ್ನು ತಗೋ ಮಾರಾಯ ಎಂದು ಹೇಳಿದ್ದೆ. ರೇಸಿನದ್ದನ್ನೇ ತಂದ. ಶಿಫ್ಟರ್ ನಿಜಕ್ಕೂ ಚೆನ್ನಾಗಿದೆ, ಬೆಣ್ಣೆಯ ಹಾಗೆ. ಆದರೆ ಮುಂದೆ 34, ಹಿಂದೆ 28. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವು. ಅರ್ಧ ದಾರಿಯಲ್ಲಿ ಇಳಿದು ತಳ್ಳಿದ್ದಾನೆ, ಮೇಲಿಂದ ಬರುವ ಬಸ್ಸಿನವರು ಹಾರ್ನ್ ಹೊಡೆದು ಹುರಿದುಂಬಿಸಿದರಂತೆ. ಆಮೇಲೆ ಹಿಂದೆ 32 ಹಲ್ಲಿನದ್ದು ಹಾಕಿಸಿಕೊಂಡ. ಶಿಫ್ಟರ್ ಕೈಗೆ ಸುಖ ಕೊಡುತ್ತದೆ, ಹತ್ತಿಸುವುದು ಹಲ್ಲು.

ಚಿಕ್ಕಪ್ಪನದ್ದೇ ಹೆಚ್ಚು ತಲೆ ತಿಂದದ್ದು. ಟ್ರಿಗರ್ ಒತ್ತಿ ನೋಡಿ "ಅಯ್ಯೋ, ಇದು ಅಡಿಕೆ ಸುಲಿದ ಹಾಗೇ ಆಯ್ತಲ್ಲೋ ಮಾರಾಯ" ಎಂದರು. ಅದು ಅಲ್ಲಿಗೇ ಮುಗಿಯಿತು. ಕಟಕ್ ಇಲ್ಲದ ಹಳೆ ಲಿವರ್ ಹಾಕೋಣವೆಂದರೆ ಕಿವಿ ಸೂಕ್ಷ್ಮವಿಲ್ಲ, ಚೈನಿನ ಸದ್ದು ಅವರಿಗೆ ಕೇಳದು. ಉಳಿದದ್ದು ತಿರುಚುವ ಹಿಡಿ. ತೋಟದ ದಾರಿಯ ಕುಲುಕಾಟಕ್ಕೆ ಗೇರ್ ತಾನಾಗಿ ಬದಲಾಗುತ್ತದಲ್ಲ ಎಂಬ ಅಂಜಿಕೆ ನನಗಿತ್ತು. ಹಿಡಿಯ ಹೊರತುದಿಯನ್ನೇ ಹಿಡಿಯಿರಿ ಚಿಕ್ಕಪ್ಪ ಎಂದು ಹೇಳಿ ಹೇಳಿ ಅಭ್ಯಾಸ ಮಾಡಿಸಿದೆ. ಮಳೆಗೆ ಒಂದು ಜೊತೆ ರಬ್ಬರ್ ಚುಕ್ಕಿಯ ಹತ್ತಿ ಗ್ಲೌಸ್, ಕೃಷಿ ಸಾಮಾನಿನ ಅಂಗಡಿಯದ್ದು.

ನಿಜವಾದ ಪರಿಹಾರ ಸಿಕ್ಕಿದ್ದು ಎಡಗೈಯಲ್ಲಿ. ಮುಂದಿನ ಚಕ್ರ ಬದಲಿಸುವ ಎಡ ಶಿಫ್ಟರೇ ಯಾವಾಗಲೂ ಹೆಚ್ಚು ಗಟ್ಟಿ, ಅವರ ಎಡ ಹೆಬ್ಬೆರಳು ಬಲಕ್ಕಿಂತ ಹಾಳು. ಅವರು ಹೋಗುವುದು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ. ಮುಂದೆ ಒಂದೇ ಚಕ್ರ, 32 ಹಲ್ಲಿನದ್ದು, ಹಿಂದೆ 34 ಹಲ್ಲಿನವರೆಗೆ ಹೋಗುವ ಏಳು ಗೇರಿನ ಫ್ರೀವೀಲ್ ಹಾಕಿಸಿದೆವು. ಎಡ ಶಿಫ್ಟರ್, ಅದರ ಕೇಬಲ್, ಮುಂದಿನ ಡಿರೇಲರ್ ಮೂರನ್ನೂ ಬಿಚ್ಚಿ ಒಂದು ಕವರಿಗೆ ಹಾಕಿ ಅಟ್ಟದ ಮೇಲಿಟ್ಟಿದ್ದಾರೆ. ಇಳಿಜಾರಿನಲ್ಲಿ ಕಾಲು ಖಾಲಿ ತಿರುಗುತ್ತದೆ, ಅದಕ್ಕೇನು, ಇಳಿಜಾರಿನಲ್ಲಿ ಯಾರು ತುಳಿಯುತ್ತಾರೆ ಎನ್ನುತ್ತಾರೆ. ಎಡ ಶಿಫ್ಟರ್ ಇದ್ದ ಜಾಗದಲ್ಲಿ ಈಗ ಒಂದು ದೊಡ್ಡ ಹಿತ್ತಾಳೆಯ ಗಂಟೆ ಇದೆ. ಅದನ್ನು ಬಾರಿಸಲೂ ಹೆಬ್ಬೆರಳೇ ಬೇಕು, ಆ ನೋವಿನ ಬಗ್ಗೆ ಮಾತ್ರ ಅವರು ಇದುವರೆಗೆ ದೂರಿಲ್ಲ.